ಕಸದಿಂದ ರಸವೋ, ರಸದಿಂದ ಕಸವೋ?



‘ಕಸದಿಂದ ರಸ’ ಎಂಬ ಮಾತನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆದಾಗ ಆ ಹೆಸರಿನ ಒಂದು ಮೇಜು ಇದ್ದೇ ಇರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಾಟಲಿಯ ಹೂದಾನಿ, ಐಸ್‌ಕ್ರೀಂ ಕಡ್ಡಿಯ ಮನೆ, ತೆಂಗಿನ ಕರಟದ ಆಮೆ, ಹಳೆಯ ಸಿ.ಡಿ.ಗಳ ನವಿಲು ಸಾಲಾಗಿ ಕುಳಿತಿರುತ್ತವೆ. ನೋಡಿದವರೆಲ್ಲ ‘ಎಷ್ಟು ಚೆನ್ನಾಗಿದೆ!’ ಎಂದು ಹೊಗಳುತ್ತಾರೆ.

ನಾನೂ ಹಲವು ವರ್ಷ ಹಾಗೆಯೇ ಹೊಗಳುತ್ತಿದ್ದೆ. ಈಗ ಹೊಗಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ‘ಇದು ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ?’ ಈ ಪ್ರಶ್ನೆ ನನಗೆ ಹೇಗೆ ಹೊಳೆಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲಿ ಬಿಳಿ ಪ್ಲಾಸ್ಟಿಕ್ ಚಮಚಗಳಿಂದ ಮಾಡಿದ ಒಂದು ದೊಡ್ಡ ನವಿಲು ಇತ್ತು. ಥರ್ಮೋಕೋಲ್ ಹಲಗೆಯ ಮೇಲೆ ಚಮಚಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ನೀಲಿ ಬಣ್ಣ ಹಚ್ಚಿ, ಮಿರುಗುವ ಪುಡಿ ಉದುರಿಸಿದ್ದರು. ನಾವು ತೀರ್ಪುಗಾರರು ಮೂವರೂ ಅದಕ್ಕೇ ಮೊದಲ ಬಹುಮಾನ ಕೊಟ್ಟೆವು.

ಬಹುಮಾನ ಕೊಟ್ಟಾದ ಮೇಲೆ ಅದನ್ನು ಮಾಡಿದ ಹುಡುಗಿಯನ್ನು ಕೇಳಿದೆ. ‘ಇಷ್ಟೊಂದು ಚಮಚ ಎಲ್ಲಿ ಸಿಕ್ಕಿತಮ್ಮ?’

‘ಅಂಗಡೀಲಿ ತಂದಿದ್ದು ಸರ್. ಎರಡು ಪ್ಯಾಕೆಟ್ ಸಾಲಲಿಲ್ಲ, ಇನ್ನೊಂದು ತಂದ್ವಿ’ ಎಂದಳು.

ಅವಳ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ಅವಳ ತಪ್ಪೂ ಇರಲಿಲ್ಲ. ನಾವು ಅಂದವನ್ನು ಮಾತ್ರ ಕೇಳಿದ್ದೆವು, ಅವಳು ಅಂದವಾದದ್ದನ್ನೇ ಮಾಡಿದ್ದಳು. ಒಂದು ಹೊತ್ತಿನ ಊಟಕ್ಕೂ ಬಳಸದ ಹೊಸ ಚಮಚಗಳು ಅಂಟು, ಬಣ್ಣ ಮೆತ್ತಿಕೊಂಡು, ಇನ್ನು ಯಾವುದಕ್ಕೂ ಬಾರದ ವಸ್ತುವಾಗಿದ್ದವು. ಅದು ಕಸದಿಂದ ರಸವಲ್ಲ, ರಸದಿಂದ ಕಸ!

ಅದೇ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ ಬಿರುಕು ಬಿಟ್ಟ ಪ್ಲಾಸ್ಟಿಕ್ ಕೊಡವನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ, ದೊಡ್ಡಪತ್ರೆ ನೆಟ್ಟು ತಂದಿದ್ದ. ಸುತ್ತಲೂ ಒಡೆದ ಹೆಂಚಿನ ಚೂರುಗಳನ್ನು ಕಮಲದ ಎಸಳಿನಂತೆ ಜೋಡಿಸಿದ್ದ. ನಾವು ಅದರ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ. ಆ ಹುಡುಗನಿಗೆ ಸಿಗಬೇಕಾಗಿದ್ದ ಬಹುಮಾನವನ್ನು ನಾನು ತಪ್ಪಿಸಿದೆ ಎಂಬ ಕೊರಗು ಇಂದಿಗೂ ನನ್ನಲ್ಲಿದೆ.

ಮುಂದೆ 2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟಗಳನ್ನೂ ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನೂ ನಿಷೇಧಿಸಲಾಯಿತು. ಒಮ್ಮೆ ಬಳಸಿ ಎಸೆಯುವ ವಸ್ತುಗಳು ಎಂಬುದೇ ಅದಕ್ಕೆ ಕಾರಣ. ಆದರೆ ಕಾನೂನು ಬಂದ ಮಾತ್ರಕ್ಕೆ ನಮ್ಮ ತಿಳಿವಳಿಕೆ ಬದಲಾಗುವುದಿಲ್ಲ. ಅದಕ್ಕೆ ಸ್ವಲ್ಪ ವಿಜ್ಞಾನ ಬೇಕು.

ಮರಳುವ ಕಸ, ಮರಳದ ಕಸ

ನಿಮ್ಮ ಊರಿನ ಗುಜರಿ ಅಂಗಡಿಗೆ ಒಮ್ಮೆ ಹೋಗಿ ನೋಡಿ. ಅವರು ಏನನ್ನು ಕೊಳ್ಳುತ್ತಾರೆ? ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಹಳೆಯ ಪುಸ್ತಕ, ರಟ್ಟು, ನೀರಿನ ಬಾಟಲಿ ಇವುಗಳನ್ನೆಲ್ಲ ತೂಗಿ ಹಣ ಕೊಡುತ್ತಾರೆ. ಏಕೆಂದರೆ ಇವು ಕಾರ್ಖಾನೆಗೆ ಹೋಗಿ ಮತ್ತೆ ವಸ್ತುಗಳಾಗುತ್ತವೆ. ಕಬ್ಬಿಣ ಕರಗಿ ಸರಳಾಗುತ್ತದೆ. ರಟ್ಟು ನೀರಿನಲ್ಲಿ ಕೊಳೆತು, ಅರೆದು ಮತ್ತೆ ರಟ್ಟಾಗುತ್ತದೆ. ನೀರಿನ ಬಾಟಲಿಯನ್ನು ಚೂರು ಮಾಡಿ, ತೊಳೆದು, ಕರಗಿಸಿ ಪಾಲಿಯೆಸ್ಟರ್ ನೂಲು ತೆಗೆಯುತ್ತಾರೆ. ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇಕಡ 5ರಷ್ಟು ಸಾಕು. ಉಳಿದ ಶೇಕಡ 95ರಷ್ಟು ಶಕ್ತಿ ಉಳಿತಾಯ! ಇವನ್ನು ನಾನು ‘ಮರಳುವ ಕಸ’ ಎಂದು ಕರೆಯುತ್ತೇನೆ.

ಗುಜರಿಯವರು ಏನನ್ನು ಬೇಡ ಎನ್ನುತ್ತಾರೆ? ಒಡೆದ ಪಿಂಗಾಣಿ ಕಪ್ಪು, ಹೆಂಚಿನ ಚೂರು, ಬಳೆ ಚೂರು, ಹರಿದ ಬಟ್ಟೆ, ಚಿಪ್ಸ್ ಪೊಟ್ಟಣ. ಚಿಪ್ಸ್ ಪೊಟ್ಟಣದ ಒಳಗೆ ಬೆಳ್ಳಿಯಂತೆ ಹೊಳೆಯುವುದು ಅಲ್ಯೂಮಿನಿಯಂನ ಅತಿ ತೆಳುವಾದ ಲೇಪ. ಪ್ಲಾಸ್ಟಿಕ್ ಮತ್ತು ಲೋಹ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬೇರ್ಪಡಿಸುವುದು ಬಹಳ ಕಷ್ಟ.

ಹೆಂಚಿನ ಕತೆ ಬೇರೆ. ಜೇಡಿಮಣ್ಣನ್ನು ಆವಿಗೆಯಲ್ಲಿ ಸುಟ್ಟಾಗ ಅದರೊಳಗೆ ರಾಸಾಯನಿಕವಾಗಿ ಬೆರೆತಿದ್ದ ನೀರು ಹೊರಹೋಗಿ, ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಅದನ್ನು ಎಷ್ಟೇ ಪುಡಿ ಮಾಡಿ ನೀರು ಕಲಸಿದರೂ ಅದು ಮತ್ತೆ ಜೇಡಿಮಣ್ಣಾಗುವುದಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಂದಿನಿಂದ ನಮ್ಮ ನಾಡಿನ ಎಷ್ಟೋ ಮನೆ, ಶಾಲೆಗಳ ಮೇಲೆ ಕೂತ ಹೆಂಚುಗಳು ಒಡೆದ ಮೇಲೆ ಚೂರಾಗಿಯೇ ಉಳಿಯುತ್ತವೆ. ಇಂಥವು ‘ಮರಳದ ಕಸ’.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಮನೆಗೆ, ಕೈತೋಟಕ್ಕೆ ಅಲಂಕಾರದ ವಸ್ತು ಮಾಡುವುದಾದರೆ ಮರಳದ ಕಸದಿಂದಲೇ ಮಾಡಿ. ಮರಳುವ ಕಸವನ್ನು ಬಳಸಲೇಬೇಕಾದರೆ, ಮುಂದೆ ಬಿಚ್ಚಿ ಬೇರ್ಪಡಿಸಲು ಆಗುವಂತೆ ಕಟ್ಟಿ. ಅಂಟು, ಬಣ್ಣ, ಮಿರುಗುಪುಡಿ ಮೆತ್ತಬೇಡಿ.

ಅಂಟಿಸಿದರೆ ಏನಾಗುತ್ತದೆ? ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಖಾಲಿ ನೀರಿನ ಬಾಟಲಿ, ಅದರ ಮುಚ್ಚಳ, ಒಂದು ಬಕೆಟ್ ನೀರು, ಒಂದು ತೊಟ್ಟು ಸೋಪಿನ ನೀರು.

ಬಾಟಲಿಯ ಮೈಯಿಂದ ಒಂದು ತುಂಡನ್ನೂ ಮುಚ್ಚಳದಿಂದ ಒಂದು ತುಂಡನ್ನೂ ಹಿರಿಯರಿಂದ ಕತ್ತರಿಸಿಕೊಳ್ಳಿ. ಸೋಪಿನ ನೀರು ಬೆರೆಸಿದ ಬಕೆಟ್ಟಿನಲ್ಲಿ ಎರಡನ್ನೂ ಪೂರ್ತಿ ಮುಳುಗಿಸಿ, ಗಾಳಿಗುಳ್ಳೆ ಅಂಟಿರದಂತೆ ಬೆರಳಿನಿಂದ ಸವರಿ ಬಿಡಿ. ಬಾಟಲಿಯ ತುಂಡು ತಳ ಸೇರುತ್ತದೆ, ಮುಚ್ಚಳದ ತುಂಡು ಮೇಲೆ ತೇಲುತ್ತದೆ. ಎರಡೂ ಪ್ಲಾಸ್ಟಿಕ್ಕೇ, ಆದರೆ ಬೇರೆ ಬೇರೆ ಪ್ಲಾಸ್ಟಿಕ್. ಬಾಟಲಿ ಮಾಡಿರುವ ‘ಪೆಟ್’ ಎಂಬ ಪ್ಲಾಸ್ಟಿಕ್‌ನ ಸಾಂದ್ರತೆ ನೀರಿಗಿಂತ ಹೆಚ್ಚು, ಮುಚ್ಚಳದ ಪ್ಲಾಸ್ಟಿಕ್‌ನದು ನೀರಿಗಿಂತ ಕಡಿಮೆ. ಮರುಬಳಕೆ ಕಾರ್ಖಾನೆಗಳಲ್ಲಿ ದೊಡ್ಡ ತೊಟ್ಟಿಯಲ್ಲಿ ಇದೇ ಉಪಾಯದಿಂದ ಇವೆರಡನ್ನು ಬೇರ್ಪಡಿಸುತ್ತಾರೆ.

ಈಗ ಯೋಚಿಸಿ. ಈ ಎರಡು ತುಂಡುಗಳನ್ನು ಗಟ್ಟಿ ಅಂಟಿನಿಂದ ಅಂಟಿಸಿ, ಮೇಲೆ ಬಣ್ಣ ಬಳಿದರೆ ಅವು ಯಾವ ಗುಂಪಿಗೆ ಸೇರಬೇಕು? ತೇಲಿದರೂ ತಪ್ಪು, ಮುಳುಗಿದರೂ ತಪ್ಪು. ಬಣ್ಣ ಬಳಿದು ಅಂಟಿಸಿದ ಬಾಟಲಿ ಹೂದಾನಿಯನ್ನು ಗುಜರಿಯವರು ಪಕ್ಕಕ್ಕೆ ಎಸೆಯುವುದು ಇದಕ್ಕೇ. ಹಾಗೆ ಎಸೆದದ್ದು ಬಿಸಿಲಿನಲ್ಲಿ ಪೆಡಸಾಗಿ, ಪುಡಿಪುಡಿಯಾಗಿ ಮಣ್ಣು, ನೀರು ಸೇರುತ್ತದೆ. ಆ ಪುಡಿಯನ್ನು ಯಾರು ಆರಿಸಿ ತೆಗೆಯಬಲ್ಲರು?

ಒಡೆದ ಚೂರುಗಳಲ್ಲಿ ಅರಳಿದ ತೋಟ

‘ಒಡಕು ಚೂರುಗಳಿಂದ ಏನು ಮಹಾ ಮಾಡಲು ಸಾಧ್ಯ ಸರ್?’ ಎಂದು ನೀವು ಕೇಳಬಹುದು. ಚಂಡೀಗಢದಲ್ಲಿ ನೇಕ್ ಚಂದ್ ಎಂಬವರು ಇದ್ದರು. ಅವರು ದೊಡ್ಡ ಕಲಾವಿದರೆಂದು ಹೆಸರಾದವರಲ್ಲ, ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಚಂಡೀಗಢ ಎಂಬ ಹೊಸ ನಗರ ಕಟ್ಟುವಾಗ ಅಲ್ಲಿದ್ದ ಹಲವು ಹಳ್ಳಿಗಳನ್ನು ತೆರವು ಮಾಡಿದ್ದರು. ಆ ಮನೆಗಳ ಅವಶೇಷಗಳು ರಾಶಿ ಬಿದ್ದಿದ್ದವು. ನೇಕ್ ಚಂದ್ ಕೆಲಸ ಮುಗಿಸಿ ಅವನ್ನು ಆರಿಸಿ ತರುತ್ತಿದ್ದರು. 1957ರಲ್ಲಿ ಶುರು ಮಾಡಿದ ಅವರು ಒಡೆದ ಪಿಂಗಾಣಿ, ಬಳೆ ಚೂರು, ಕಲ್ಲು ಇವನ್ನು ಸಿಮೆಂಟಿನಲ್ಲಿ ಕೂರಿಸಿ ಮನುಷ್ಯರು, ಪ್ರಾಣಿಗಳು, ಪಕ್ಷಿಗಳ ನೂರಾರು ಬೊಂಬೆಗಳನ್ನು ಮಾಡಿದರು. ಅದು ಸರ್ಕಾರದ ಜಾಗ. ಅನುಮತಿ ಇರಲಿಲ್ಲವಾದ್ದರಿಂದ ಸುಮಾರು 18 ವರ್ಷ ಗುಟ್ಟಾಗಿಯೇ ಕೆಲಸ ನಡೆಯಿತು. ಅಧಿಕಾರಿಗಳಿಗೆ ತಿಳಿದಾಗ ಎಲ್ಲವನ್ನೂ ಕೆಡವುವ ಮಾತು ಬಂತು. ಆದರೆ ಜನ ಅದನ್ನು ಉಳಿಸಿಕೊಂಡರು. 1976ರಲ್ಲಿ ಅದು ‘ರಾಕ್ ಗಾರ್ಡನ್’ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2015ರಲ್ಲಿ ಅವರು ತೀರಿಕೊಂಡರು. ಸುಮಾರು 40 ಎಕರೆಗೆ ಹರಡಿದ ಆ ತೋಟ ಇಂದಿಗೂ ಇದೆ.

ಗಮನಿಸಿ, ಅವರು ಹೆಚ್ಚಾಗಿ ಆರಿಸಿಕೊಂಡದ್ದು ಯಾರಿಗೂ ಬೇಡವಾದ, ಕರಗಿಸಿ ಮತ್ತೆ ಮಾಡಲಾಗದ ಚೂರುಗಳನ್ನು. ಬಿಸಿಲು, ಮಳೆಗೆ ಪಿಂಗಾಣಿ ಬಣ್ಣಗೆಡುವುದಿಲ್ಲ, ಪುಡಿಯಾಗುವುದಿಲ್ಲ. ತೋಟದ ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಯಾವುದಿದೆ?

ಇನ್ನೊಂದು ಉದಾಹರಣೆ ನಮ್ಮ ಮನೆಯೊಳಗೇ ಇದೆ. ಉತ್ತರ ಕರ್ನಾಟಕದ ನಮ್ಮ ಅಜ್ಜಿಯರು ಹೊಲಿಯುವ ಕೌದಿಯನ್ನು ನೋಡಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಿಂದಲೇ ಹೊಲಿಯುತ್ತಾರೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹೊರಬಿಡದು, ಆದ್ದರಿಂದ ಚಳಿಯಲ್ಲಿ ಬೆಚ್ಚಗಿರುತ್ತದೆ. ಈಗ ಕೌದಿಯನ್ನು ಗೋಡೆಗೆ ಅಲಂಕಾರವಾಗಿ ತೂಗುಹಾಕುವವರೂ ಇದ್ದಾರೆ. ಅಂದಕ್ಕೆ ಅಂದ, ಉಪಯೋಗಕ್ಕೆ ಉಪಯೋಗ. ಒಂದು ತೊಟ್ಟು ಅಂಟಿಲ್ಲ, ದಾರ ಬಿಚ್ಚಿದರೆ ಬಟ್ಟೆ ಮತ್ತೆ ಬಟ್ಟೆಯೇ.

ಎಚ್ಚರಿಕೆ ಇರಲಿ

ಹಳೆಯ ಟೈರಿಗೆ ಬಣ್ಣ ಬಳಿದು ಗಿಡ ನೆಡುವುದು ಈಗ ಹಲವು ಶಾಲೆಗಳಲ್ಲಿ ಕಾಣುತ್ತದೆ. ಆದರೆ ಟೈರಿನ ಒಳಮೈ ಬಾಗಿರುವುದರಿಂದ, ಎತ್ತಿ ಬಗ್ಗಿಸಿದರೂ ಮಳೆನೀರು ಒಳಗೇ ಉಳಿಯುತ್ತದೆ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಟೈರಿನ ತಳಕ್ಕೆ ಹಿರಿಯರಿಂದ ತೂತು ಹಾಕಿಸಿ, ಒಳಗೆಲ್ಲ ಮಣ್ಣು ತುಂಬಿಸಿ. ಕರಟ, ಡಬ್ಬ, ಬಾಟಲಿಗಳನ್ನು ವಾರಕ್ಕೊಮ್ಮೆ ನೋಡಿ, ನೀರು ನಿಂತಿದ್ದರೆ ಚೆಲ್ಲಿ.

ಕೆಲವು ವಸ್ತುಗಳನ್ನು ಮುಟ್ಟಲೇಬೇಡಿ. ಸುಟ್ಟುಹೋದ ಟ್ಯೂಬ್‌ಲೈಟ್ ಮತ್ತು ಸಿ.ಎಫ್.ಎಲ್. ಬಲ್ಬಿನೊಳಗೆ ಪಾದರಸದ ಆವಿ ಇರುತ್ತದೆ, ಒಡೆದರೆ ಅದು ಉಸಿರಿನೊಳಗೆ ಸೇರುತ್ತದೆ. ವಾಹನದ ಹಳೆಯ ಬ್ಯಾಟರಿಯಲ್ಲಿ ಸೀಸ, ಆಮ್ಲಗಳಿವೆ. ಹೊಲಕ್ಕೆ ಹೊಡೆದ ಕ್ರಿಮಿನಾಶಕದ ಡಬ್ಬ ಎಷ್ಟೇ ಚೆನ್ನಾಗಿ ಕಂಡರೂ, ಎಷ್ಟು ಸಲ ತೊಳೆದರೂ ಬೇಡ. ಆಸ್ಪತ್ರೆಯ ಸೂಜಿ, ಸಿರಿಂಜ್ ಬೇಡವೇ ಬೇಡ. ಬಳೆ, ಪಿಂಗಾಣಿ ಚೂರುಗಳನ್ನು ಬರಿಗೈಯಲ್ಲಿ ಎತ್ತಬೇಡಿ, ದಪ್ಪ ಬಟ್ಟೆ ಅಥವಾ ಕೈಗವಸು ಇರಲಿ.

ಒಂದು ಚೀಟಿ ಅಂಟಿಸೋಣ

‘ಬಾಟಲಿಯ ಹೂದಾನಿ ಒಂದು ವರ್ಷವಾದರೂ ಮನೆಯಲ್ಲಿ ಇರುತ್ತದಲ್ಲ, ಅಷ್ಟಾದರೂ ಒಳ್ಳೆಯದಲ್ಲವೇ?’ ಎಂದು ಒಬ್ಬ ಶಿಕ್ಷಕಿ ನನ್ನನ್ನು ಕೇಳಿದ್ದರು. ನಿಜ, ದಾರಿಯಲ್ಲಿ ಬಿದ್ದಿದ್ದನ್ನು ಎತ್ತಿ ತಂದಿದ್ದರೆ ಖಂಡಿತ ಒಳ್ಳೆಯದು. ಆದರೆ ಪ್ರದರ್ಶನಕ್ಕೆಂದೇ ಕೊಂಡ ಬಾಟಲಿ, ಕೊಂಡ ಅಂಟು, ಕೊಂಡ ಬಣ್ಣದಿಂದ ಆದದ್ದಾದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಆದ್ದರಿಂದ ನನ್ನದೊಂದು ಸಲಹೆ. ಮುಂದಿನ ಸಲ ‘ಕಸದಿಂದ ರಸ’ದ ಮೇಜಿಗೆ ನೀವು ಒಂದು ವಸ್ತು ತಂದಾಗ ಅದರ ಮುಂದೆ ಒಂದು ಚೀಟಿ ಇಡಿ. ಅದರಲ್ಲಿ ಮೂರೇ ಸಾಲು ಬರೆಯಿರಿ.

1. ಇದು ಮೊದಲು ಏನಾಗಿತ್ತು? ಎಲ್ಲಿ ಸಿಕ್ಕಿತು?
2. ಇದಕ್ಕಾಗಿ ಹೊಸದಾಗಿ ಏನೇನು ಕೊಂಡೆ?
3. ಕೆಟ್ಟ ಮೇಲೆ ಇದು ಎಲ್ಲಿಗೆ ಹೋಗುತ್ತದೆ?

ಎರಡನೆಯ ಸಾಲು ಖಾಲಿ ಇದ್ದಷ್ಟೂ ಅಂಕ ಹೆಚ್ಚು ಎಂದು ತೀರ್ಪುಗಾರರು ನಿಯಮ ಮಾಡಲಿ. ಆಗ ಪೇಟೆಯ ಅಂಗಡಿಯಿಂದ ಸಾಮಾನು ತರಲು ಹಣವಿಲ್ಲದ ಮಗುವೂ ಮೊದಲ ಬಹುಮಾನ ಪಡೆಯುತ್ತದೆ. ‘ಕಸದಿಂದ ರಸ’ ಎಂಬುದು ಹಣವಿದ್ದವರ ಆಟವಾಗಬಾರದು, ಅಲ್ಲವೇ?

ಚಮಚದ ನವಿಲಿಗೆ ಬಹುಮಾನ ಕೊಟ್ಟ ದಿನ ನಾನು ಈ ಮೂರು ಪ್ರಶ್ನೆ ಕೇಳಿರಲಿಲ್ಲ. ನೀವು ಕೇಳಿ. ನಿಮ್ಮ ತೀರ್ಪುಗಾರರನ್ನೂ ಕೇಳುವಂತೆ ಮಾಡಿ. ಈ ವಾರ ನಿಮ್ಮ ಶಾಲೆಯ ಅಂಗಳದಲ್ಲಿ ಒಡೆದ ಹೆಂಚು, ಟೈಲ್ಸ್ ಚೂರುಗಳನ್ನು ಶಿಕ್ಷಕರ ಜೊತೆ ಸೇರಿ ಕೂಡಿಹಾಕಿ, ಹೂವಿನ ಪಾತಿಗೆ ಅಂಚು ಕಟ್ಟಿ. ಪಾತಿಯ ಪಕ್ಕ ಮೂರು ಸಾಲಿನ ಚೀಟಿಯನ್ನೂ ನೆಡಿ. ಮಣ್ಣಿನಿಂದ ಬಂದ ಆ ಚೂರು ಮತ್ತೆ ಮಣ್ಣಿನಲ್ಲೇ ಕುಳಿತು ನಿಮ್ಮ ಹೂವನ್ನು ಕಾಯಲಿ.