ವೃದ್ಧಾಶ್ರಮಕ್ಕೆ ಸೇರಿಸೋ ಮುನ್ನ ಭಾಷೆ ಕೇಳಿ

ತಾಳವಾಡಿ: ಮಕ್ಕಳು ಕೊಯಮತ್ತೂರು, ತಿರುಪ್ಪೂರು, ಬೆಂಗಳೂರು ಸೇರಿದ ಮೇಲೆ ಬೆಟ್ಟದೂರುಗಳ ಎಷ್ಟೋ ಮನೆಗಳಲ್ಲಿ ಉಳಿದವರು ಅಜ್ಜ ಅಜ್ಜಿಯರೇ. ಅವರನ್ನು ಚಿಕ್ಕದೊಂದು ವೃದ್ಧಾಶ್ರಮಕ್ಕೆ ಸೇರಿಸುವುದರಲ್ಲಿ ತಪ್ಪೇನಿಲ್ಲ, ಆದರೆ ನೋಡಿ ಸೇರಿಸಬೇಕು.

ತಾಲ್ಲೂಕು ಈರೋಡು ಜಿಲ್ಲೆಯದಾದರೂ ಇಲ್ಲಿನ ಬಹುಪಾಲು ಮನೆಮಾತು ಕನ್ನಡ. ದಿಂಬಂ ಘಾಟಿಯ 27 ತಿರುವು ಇಳಿದರೆ ತಮಿಳು. ನಡುರಾತ್ರಿ ಅಜ್ಜಿ 'ಎದೆ ಹಿಡ್ಕಂಡದೆ ಕಣವ್ವ' ಅಂದರೆ ನೋಡಿಕೊಳ್ಳುವವರಿಗೆ ತಿಳಿಯಬೇಡವೇ? ಚಾಮರಾಜನಗರದ ಕಡೆ ಸೇರಿಸಿದರೆ ಮಾತು ಒಗ್ಗುತ್ತದೆ. ಆದರೆ ಪಿಂಚಣಿ, ರೇಷನ್ ಕಾರ್ಡು ತಮಿಳುನಾಡಿನವು. ಅದನ್ನೂ ಮೊದಲೇ ವಿಚಾರಿಸಬೇಕು.

ಊಟದ ಹೊತ್ತಿಗೆ ಹೇಳದೆ ಹೋಗಿ ನೋಡಲಿ. ರಾತ್ರಿ ಯಾರಿರುತ್ತಾರೆ, ಡಾಕ್ಟರು ಎಷ್ಟು ದೂರ, ಮುದ್ದೆ ಸಿಗುತ್ತದೆಯೇ ಎಂದು ಕೇಳಲಿ. 2007ರ ಕಾಯ್ದೆಯಂತೆ ಮಕ್ಕಳಿಂದ ಜೀವನಾಂಶ ಪಡೆಯುವುದು ಹೆತ್ತವರ ಹಕ್ಕು. ಹಿರಿಯರ ಸಹಾಯವಾಣಿ 14567. ಇಷ್ಟೆಲ್ಲ ವಿಚಾರಿಸುವ ಮಕ್ಕಳು, 'ಹೋಗ್ತೀಯೇನವ್ವ?' ಅಂತ ಅಜ್ಜಿಯನ್ನೂ ಒಂದು ಮಾತು ಕೇಳಲಿ.