ತಕ್ಕಡಿಗೆ ಮುದ್ರೆಯುಂಟು, ಓಡೋಮೀಟರ್‌ಗೆ?

ಗುರಪ್ಪನಪಾಳ್ಯದ ತರಕಾರಿ ವ್ಯಾಪಾರಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಜಯನಗರದಲ್ಲಿ ಓಡುವ ಆಟೋದ ಬಾಡಿಗೆ ಮೀಟರ್‌ಗೂ ಅದೇ ಇಲಾಖೆಯ ಸೀಲು ಬೇಕು. ಆದರೆ ಲಕ್ಷಗಟ್ಟಲೆ ರೂಪಾಯಿಯ ಹಳೆಯ ಗೂಡ್ಸ್ ಗಾಡಿಯ ಬೆಲೆಯನ್ನು ನಿರ್ಧರಿಸುವ ಓಡೋಮೀಟರ್‌ಗೆ ಅಂಥ ಕಾವಲಿಲ್ಲ.

ಹಿಂದೆ ಮೀಟರ್ ಬಿಚ್ಚಿ ಅಂಕಿಗಳ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಈಗಿನ ಡಿಜಿಟಲ್ ಮೀಟರ್‌ನ ಲೆಕ್ಕವಿರುವುದು ಸಣ್ಣ ಚಿಪ್‌ನಲ್ಲಿ. ಲ್ಯಾಪ್‌ಟಾಪ್ ಜೋಡಿಸಿ ಅದನ್ನು ತಿದ್ದುವವರಿದ್ದಾರೆ. 2 ಲಕ್ಷ ಕಿಲೋಮೀಟರ್ ಓಡಿದ ಗಾಡಿ ಹೀಗೆ 80 ಸಾವಿರಕ್ಕೆ ಇಳಿಯುತ್ತದೆ. ಇಳಿಯುವುದು ಅಂಕಿ ಮಾತ್ರ. ಎಂಜಿನ್‌ನ, ಕ್ಲಚ್‌ನ ಸವೆತ ಹಾಗೆಯೇ ಉಳಿಯುತ್ತದೆ. ಅಂಕಿಯನ್ನು ನಂಬಿದವನು ಬದಲಾಯಿಸಲೇಬೇಕಾದ ಬಿಡಿಭಾಗಗಳನ್ನೂ ಬದಲಾಯಿಸುವುದಿಲ್ಲ. ಆಗ ಹಣ ಮಾತ್ರವಲ್ಲ, ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ.

ಈ ಬಲೆಗೆ ಬೀಳುವವರು ಯಾರು? ತಿಲಕನಗರದಲ್ಲೋ ಯಾರಬ್ ನಗರದಲ್ಲೋ ಪತ್ನಿಯ ಒಡವೆ ಅಡವಿಟ್ಟು ಸ್ವಂತ ಗಾಡಿಯ ಕನಸು ಕಾಣುವ ಚಾಲಕರು. ಗಾಡಿ ಗ್ಯಾರೇಜಿನಲ್ಲಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಮೊದಲು ಕಡಿತವಾಗುವುದು ಮಕ್ಕಳ ಶಾಲಾ ಶುಲ್ಕ.

ಮೋಸಗಾರರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಿಜ. ಆದರೆ ಗ್ಯಾರೇಜು ಮತ್ತು ಹಳೆಯ ವಾಹನಗಳ ವ್ಯಾಪಾರ ನಮ್ಮಲ್ಲಿ ಅನೇಕರ ಜೀವನೋಪಾಯವಾಗಿರುವಾಗ ಈ ಮಾತು ನಮಗೆ ಉತ್ತರವಾಗದು. "ಗಿರಾಕಿಗೆ ಕಡಿಮೆ ಕಿಲೋಮೀಟರೇ ಬೇಕು, ನಾವೇನು ಮಾಡೋಣ?" ಎನ್ನುವ ದಲ್ಲಾಳಿ ಶುಕ್ರವಾರ ಮೊದಲ ಸಾಲಿನಲ್ಲಿ ನಿಂತರೆ ಆ ಸಂಪಾದನೆ ಹಲಾಲ್ ಆಗುವುದೇ?

ಪ್ರವಾದಿ ಶುಐಬ್(ಅ)ರನ್ನು ಮದ್‌ಯನ್ ಜನಾಂಗದೆಡೆಗೆ ಕಳುಹಿಸಿದಾಗ ತೌಹೀದ್‌ನ ಕರೆಯ ಜೊತೆಗೇ ಅಳತೆ-ತೂಕದ ನ್ಯಾಯವನ್ನೂ ಬೋಧಿಸಲಾಯಿತು. ಅಳತೆಯಲ್ಲಿ ವಂಚಿಸುವವರ ಹೆಸರಿನಲ್ಲೇ ಪವಿತ್ರ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ: ಅಲ್ ಮುತಫ್ಫಿಫೀನ್. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿದ್ದ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೇಕೆಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ತಿದ್ದಿದ ಮೀಟರ್ ನಮ್ಮ ಕಾಲದ ಆ ಒದ್ದೆ ಧಾನ್ಯವಲ್ಲದೆ ಮತ್ತೇನು?

ಸರಕಾರವೂ ತನ್ನ ಹೊಣೆಯಿಂದ ನುಣುಚಿಕೊಳ್ಳಬಾರದು. ಅಮೆರಿಕ 1972ರಲ್ಲೇ ಓಡೋಮೀಟರ್ ವಂಚನೆಗೆ ಕಾನೂನು ತಂದಿತು. ನಮ್ಮ ಕೇಂದ್ರ ಸರಕಾರ ಹಳೆಯ ವಾಹನಗಳ ಡೀಲರ್‌ಗಳಿಗೆ ಪ್ರಮಾಣಪತ್ರ ಕಡ್ಡಾಯಗೊಳಿಸಿದ ನಿಯಮ ಜಾರಿಯಾದದ್ದು 2023ರ ಏಪ್ರಿಲ್‌ನಲ್ಲಿ. ಅದನ್ನು ಪಾಲಿಸದ ದಲ್ಲಾಳಿಯನ್ನು ತಡೆಯುವವರು ಯಾರು? ಸರಕು ವಾಹನಗಳು 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಬಳಿಕ ಪ್ರತಿವರ್ಷ ಎಫ್‌ಸಿಗೆ ಬರಲೇಬೇಕು. ಪ್ರತಿ ಬಾರಿಯೂ ಕಿಲೋಮೀಟರ್ ದಾಖಲಿಸಿ ಕೊಳ್ಳುವವನಿಗೆ ತೋರಿಸಿದರೆ ಈ ದಂಧೆಯ ಬೆನ್ನೆಲುಬೇ ಮುರಿಯುತ್ತದೆ.

ಮೋಸ ಹೋದವರು ಹಣೆಬರಹವೆಂದು ಸುಮ್ಮನಾಗಬೇಕಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಗಾಡಿ ಕೊಂಡವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನೆಂದೇ ಪರಿಗಣಿಸುತ್ತದೆ. ವ್ಯಾಪಾರಿಯ ವಿರುದ್ಧ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಮಸೀದಿ ಕಮಿಟಿಗಳು ಇಂಥವರಿಗೆ ನೆರವಾಗಲಿ. ಖುತ್ಬಾಗಳಲ್ಲಿ ನಮಾಝ್, ಉಪವಾಸಗಳ ಜೊತೆ ಈ ವಂಚನೆಯ ಪ್ರಸ್ತಾಪವೂ ಬರಲಿ. ಮೀಟರ್ ತಿದ್ದುವವನ ದೇಣಿಗೆ ಬೇಡವೆನ್ನುವ ಧೈರ್ಯವನ್ನು ಜಮಾಅತ್‌ಗಳು ತೋರಲಿ. ಗಾಡಿಯ ಲೆಕ್ಕವನ್ನು ತಿದ್ದಬಹುದು. ಅಲ್ಲಾಹನ ಬಳಿಯಿರುವ ನಮ್ಮ ಲೆಕ್ಕವನ್ನು ತಿದ್ದುವವರಾರು?