ರಾಜಧಾನಿಯ ಹಸಿರಿನಲ್ಲಿ ಬಳ್ಳಾರಿ ಜಾಲಿ: ದೆಹಲಿ ರಿಡ್ಜ್ ಕಾಡನ್ನು ಮರಳಿ ಪಡೆಯುವುದು ಯಾಕಿಷ್ಟು ಕಷ್ಟ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕೆರೆಯಂಗಳ, ಹಾಳುಬಿದ್ದ ಹೊಲ, ಕಾಲುವೆ ದಂಡೆ ಎಲ್ಲಿ ನೋಡಿದರೂ ಕಾಣುವ ಬಳ್ಳಾರಿ ಜಾಲಿಯನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ದೇಶದ ರಾಜಧಾನಿಯ ಶ್ವಾಸಕೋಶ ಎಂದು ಕರೆಸಿಕೊಳ್ಳುವ ದೆಹಲಿ ರಿಡ್ಜ್ ಕಾಡಿನಲ್ಲೂ ಇದೇ ಮರದ ಕಾರುಬಾರು. ಅಲ್ಲಿ ಇದರ ಹೆಸರು ವಿಲಾಯತಿ ಕೀಕರ್, ಅಂದರೆ ಪರದೇಶದ ಜಾಲಿ. ಮೆಕ್ಸಿಕೊ, ದಕ್ಷಿಣ ಅಮೆರಿಕ ಕಡೆಯ ಈ ಮರವನ್ನು ಬ್ರಿಟಿಷರು ಹೊಸ ರಾಜಧಾನಿ ಕಟ್ಟುವ ಕಾಲದಲ್ಲಿ ಬೋಳು ಗುಡ್ಡಗಳನ್ನು ಬೇಗ ಹಸಿರಾಗಿಸಲು ನೆಟ್ಟರು. ಗುಡ್ಡ ಹಸಿರಾಯಿತು. ಆದರೆ ಅಲ್ಲಿದ್ದ ಕಾಡು ಹೋಯಿತು.

ಅರಾವಳಿ ಬೆಟ್ಟಸಾಲಿನ ಬಾಲದಂತಿರುವ ರಿಡ್ಜ್‌ನ ವಿಸ್ತೀರ್ಣ ಸುಮಾರು 7,777 ಹೆಕ್ಟೇರ್. ಇಲ್ಲಿಯ ಮೂಲನಿವಾಸಿ ಮರಗಳು ಧೌ, ಬಿಳಿಜಾಲಿ, ಮುತ್ತುಗ, ಬೋರೆ, ಎಲೆಯಿಲ್ಲದ ಕೈರ್ ಮುಂತಾದವು. ಮಣ್ಣೇ ಇಲ್ಲದ ಬಂಡೆಯ ಬಿರುಕಿನಲ್ಲಿ ಬೇರೂರುವ ಧೌ ಬಹಳ ನಿಧಾನಕ್ಕೆ ಬೆಳೆಯುತ್ತದೆ. ಬಳ್ಳಾರಿ ಜಾಲಿ ಹಾಗಲ್ಲ. ಅದರ ಸಿಹಿಕಾಯಿಯನ್ನು ದನ, ಮೇಕೆ, ನೀಲಗಾಯ್ ತಿಂದು ಸಗಣಿ, ಹಿಕ್ಕೆಯೊಂದಿಗೆ ಬೀಜವನ್ನು ಊರೆಲ್ಲ ಹರಡುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಆಳದ ನೀರು ಹೀರುತ್ತದೆ. ಉದುರಿದ ಎಲೆಯ ರಾಸಾಯನಿಕಗಳು ಬೇರೆ ಬೀಜಗಳ ಮೊಳಕೆಗೆ ಅಡ್ಡಿಯಾಗುತ್ತವೆ. ದಸರಾದಲ್ಲಿ ಪೂಜಿಸುವ ಬನ್ನಿ ಮರ ಇದರ ಹತ್ತಿರದ ಸಂಬಂಧಿ. ಸಂಬಂಧಿಯಾದರೂ ಗುಣ ತದ್ವಿರುದ್ಧ: ಬನ್ನಿಯ ನೆರಳಲ್ಲಿ ರಾಜಸ್ಥಾನದ ರೈತ ಬೆಳೆ ತೆಗೆಯುತ್ತಾನೆ, ಇದರ ನೆರಳಲ್ಲಿ ಹುಲ್ಲೂ ಕಷ್ಟ.

ಉಪಗ್ರಹಕ್ಕೆ ಎಲ್ಲವೂ ಹಸಿರೇ

ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿ ಪ್ರಕಾರ ದೆಹಲಿಯ ಅರಣ್ಯ ಮತ್ತು ಮರಗಳ ಹೊದಿಕೆ ಒಟ್ಟು ವಿಸ್ತೀರ್ಣದ ಸುಮಾರು ಶೇ 25. ಮಹಾನಗರವೊಂದಕ್ಕೆ ಇದು ಹೆಮ್ಮೆಯ ಅಂಕಿ. ಆದರೆ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರ್‌ಗಿಂತ ದೊಡ್ಡದಾದ, ಶೇ 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವ ಜಾಗವಾದರೂ ಅರಣ್ಯವೇ. ಮರ ಯಾವ ಜಾತಿಯದು ಎಂದು ಅದು ಕೇಳುವುದಿಲ್ಲ. ಹೀಗಾಗಿ ಬಳ್ಳಾರಿ ಜಾಲಿ ತೆಗೆದು ಧೌ, ಮುತ್ತುಗ ನೆಟ್ಟ ಅಧಿಕಾರಿಯ ಖಾತೆಯಲ್ಲಿ ಕೆಲ ವರ್ಷ ಹಸಿರು ಕಡಿಮೆಯಾದಂತೆಯೇ ಕಾಣುತ್ತದೆ. ಸುಮ್ಮನೆ ಕೂತವನ ಅಂಕಿ ಮಾತ್ರ ಚೆನ್ನಾಗಿರುತ್ತದೆ!

ಇನ್ನೊಂದು ತೊಡಕು ಕಾನೂನಿನದು. 1994ರ ದೆಹಲಿ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಪರದೇಶದ ಮರಕ್ಕೂ ಅದೇ ರಕ್ಷಣೆ. ಈ ಬಿಗಿ ಬೇಕೇ ಬೇಕು. 2024ರ ಫೆಬ್ರವರಿಯಲ್ಲಿ ರಸ್ತೆ ಅಗಲಿಸಲು ದಕ್ಷಿಣ ರಿಡ್ಜ್‌ನಲ್ಲಿ ಮರಗಳನ್ನು ಉರುಳಿಸಿದ ಪ್ರಕರಣದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಅಧಿಕಾರಿಗಳಿಂದ ನ್ಯಾಯಾಂಗ ನಿಂದನೆಯಾಗಿದೆ ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿತು. 'ಕಾಡು ಸುಧಾರಣೆ' ಎಂಬ ಹೆಸರಲ್ಲಿ ಕೊಡಲಿ ಬಂದರೆ ಜನ ಅನುಮಾನ ಪಡುವುದರಲ್ಲಿ ತಪ್ಪೇನೂ ಇಲ್ಲ.

ಕಡಿಯದೆ ಗೆಲ್ಲುವ ದಾರಿ

ಕಡಿಯದೆಯೇ ಗೆಲ್ಲುವ ಉಪಾಯವನ್ನು ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಪ್ರೊ. ಸಿ.ಆರ್. ಬಾಬು ಅವರ ತಂಡ ವಸಂತ್ ವಿಹಾರ್ ಬಳಿಯ ಅರಾವಳಿ ಜೀವವೈವಿಧ್ಯ ಉದ್ಯಾನದಲ್ಲಿ ತೋರಿಸಿದೆ. ಮರವನ್ನು ಉರುಳಿಸದೆ ಕೆಳಗಿನ ಕೊಂಬೆಗಳನ್ನಷ್ಟೇ ಸವರಿ ನೆಲಕ್ಕೆ ಬಿಸಿಲು ಬಿಡುತ್ತಾರೆ. ಆ ಬಿಸಿಲಲ್ಲಿ ಸ್ಥಳೀಯ ಸಸಿ, ಹುಲ್ಲು, ಬಳ್ಳಿ ನೆಡುತ್ತಾರೆ. ಅವು ಬೆಳೆದು ಮೇಲೆ ಚಾಚಿಕೊಂಡಾಗ ಜಾಲಿಗೆ ಬಿಸಿಲು ತಪ್ಪುತ್ತದೆ. ನೆರಳನ್ನು ಸಹಿಸದ ಅದು ತಾನಾಗಿ ಸೊರಗುತ್ತದೆ. ಅಷ್ಟರವರೆಗೆ ಹಕ್ಕಿಗಳಿಗೆ ಗೂಡು ಕಟ್ಟುವ ಜಾಗವೂ ಉಳಿಯುತ್ತದೆ, ಮಣ್ಣೂ ಕೊಚ್ಚಿಹೋಗುವುದಿಲ್ಲ. ಗುರುಗ್ರಾಮದಲ್ಲಿ ಗಣಿಗಾರಿಕೆಯಿಂದ ಹಾಳಾಗಿದ್ದ ಸುಮಾರು 390 ಎಕರೆಯಲ್ಲಿ ನಾಗರಿಕರ ಸಂಘಟನೆಯೊಂದು 2010ರಿಂದ ಅರಾವಳಿಯ ಮೂಲ ಸಸ್ಯಗಳನ್ನು ಬೆಳೆಸಿತು. ಅಧಿಕೃತ ಅಭಯಾರಣ್ಯವಲ್ಲದಿದ್ದರೂ ಜೀವವೈವಿಧ್ಯ ಕಾಪಾಡುವ ತಾಣವೆಂಬ ಮನ್ನಣೆ 2022ರಲ್ಲಿ ದೇಶದಲ್ಲೇ ಮೊದಲು ಸಿಕ್ಕಿದ್ದು ಈ ಉದ್ಯಾನಕ್ಕೆ.

ಎಲ್ಲಕ್ಕಿಂತ ಅಚ್ಚರಿಯ ಉದಾಹರಣೆ ಗುರುಗ್ರಾಮ-ಫರೀದಾಬಾದ್ ನಡುವಿನ ಮಾಂಗರ್ ಬನಿ. ನಮ್ಮ ಕೊಡಗಿನ ದೇವರಕಾಡಿನಂಥ ಜಾಗ. ಗುದರಿಯಾ ದಾಸ್ ಬಾಬಾನ ಕಾಡು, ಕೊಂಬೆ ಮುರಿದರೂ ಕೇಡು ಎಂಬ ನಂಬಿಕೆಯಿಂದ ಸುತ್ತಲಿನ ಗುಜ್ಜರ್ ಹಳ್ಳಿಗರು ಕಾಪಾಡಿಕೊಂಡು ಬಂದ ಇಲ್ಲಿ ಧೌ ಕಾಡು ಇಂದಿಗೂ ಇದೆ. ದೆಹಲಿಯ ಗುಡ್ಡಗಳು ಹಿಂದೆ ಹೇಗಿದ್ದವು ಎಂದು ತಿಳಿಯಬೇಕಾದವರು ಇಲ್ಲಿಗೇ ಹೋಗಬೇಕು.

ದೆಹಲಿ ಸರ್ಕಾರ 2021ರಲ್ಲಿ ಕೇಂದ್ರ ರಿಡ್ಜ್‌ನ 10 ಹೆಕ್ಟೇರ್‌ನಲ್ಲಿ ಇಂಥದ್ದೇ ಪ್ರಯೋಗ ಆರಂಭಿಸಿತು. ಇಡೀ ರಿಡ್ಜ್‌ನ ವಿಸ್ತಾರದ ಮುಂದೆ ಇದು ಸಮುದ್ರಕ್ಕೆ ಹಾಕಿದ ಸಾಸಿವೆ.

ಧ್ರುವದಿಂದ ಬಂಡೀಪುರದವರೆಗೆ

ಅಂಟಾರ್ಕ್ಟಿಕಾದಲ್ಲಿ ಹೂಬಿಡುವ ಮೂಲ ಸಸ್ಯಗಳಿರುವುದು ಎರಡೇ. ಅಲ್ಲೂ 1985ರಲ್ಲಿ ಪೋಲೆಂಡ್‌ನ ಸಂಶೋಧನಾ ಕೇಂದ್ರದ ಬಳಿ ಹೊರಗಿನ ಹುಲ್ಲೊಂದು ಕಾಣಿಸಿಕೊಂಡಿತು. ಮಂಜು ಕರಗಿ ನೆಲ ತೆರೆದಂತೆ ಇಂಥ ಹೊರಗಿನವುಗಳಿಗೆ ಜಾಗ ಸಿಗುತ್ತದೆ. ದೆಹಲಿಯಲ್ಲಿ ಬಿಸಿ ಇನ್ನೊಂದು ಬಗೆ. 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ದಾಖಲಾಯಿತು. ಬರ, ಬಿಸಿಲು, ಉಪ್ಪುಮಣ್ಣು ಎಲ್ಲವನ್ನೂ ತಾಳಿಕೊಳ್ಳುವ ಬಳ್ಳಾರಿ ಜಾಲಿಗೆ ಇಂಥ ಬೇಸಿಗೆ ತೊಂದರೆಯಲ್ಲ. ಎಳೆಯ ಧೌ ಸಸಿಗೆ ಮೊದಲ ಕೆಲ ಬೇಸಿಗೆ ನೀರು ಹಾಕಿ ಕಾಯುವವರು ಬೇಕು. ಕರ್ನಾಟಕದ ಬಂಡೀಪುರ, ನಾಗರಹೊಳೆಯಲ್ಲಿ ಇದೇ ಪಾತ್ರವನ್ನು ಲಂಟಾನ ವಹಿಸಿದೆ. ದೇಶದಲ್ಲಿ ಹುಲಿಗಳಿರುವ ಕಾಡಿನ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಅದರ ಅಪಾಯವಿದೆ ಎಂದು 2020ರ ಅಧ್ಯಯನ ಅಂದಾಜಿಸಿತ್ತು.

ಹಾಗೆಂದು ಜಾಲಿಯನ್ನು ಕೇವಲ ಖಳನಾಯಕನಂತೆ ನೋಡಿದರೆ ಒಂದು ವರ್ಗದ ಬದುಕು ಮರೆತಂತೆ. ಗ್ಯಾಸ್ ಸಿಲಿಂಡರ್ ತುಂಬಿಸಲು ಹಣವಿಲ್ಲದ ಬಡವರ ಒಲೆಗೆ ಇದೇ ಸೌದೆ. ಕೀನ್ಯಾದಲ್ಲಿ ಕತೆ ಉಲ್ಟಾ: ಬರಿಂಗೊ ಪ್ರದೇಶದ ಪಶುಪಾಲಕರು ಈ ಮರದ ಸಿಹಿಕಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯನ್ನೇ ನ್ಯಾಯಾಲಯಕ್ಕೆ ತಂದು ಸರ್ಕಾರದ ವಿರುದ್ಧ ದಾವೆ ಹೂಡಿದ್ದರು. ರಿಡ್ಜ್‌ನ ಯೋಜನೆಗಳಲ್ಲಿ ಸಸಿಯ ಜಾತಿ, ಗುಂಡಿಯ ಅಳತೆ ಬರುತ್ತವೆ. ಕಾಡಂಚಿನ ಬಸ್ತಿಯಿಂದ ಸೌದೆಗೆ ಬರುವ ಹೆಂಗಸರು ನಾಳೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೂ ಅಲ್ಲಿ ಒಂದು ಸಾಲು ಸಿಗಬೇಕು.